ಗಿಳಿ, ಪೊಟರೆ ಮತ್ತು ನಮ್ಮ ಬಡಾವಣೆ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಕಿನಲ್ಲಿ, ಶಾಲೆಗಳಲ್ಲಿ, ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಗಿಳಿಗಳ ಬಗ್ಗೆ ಮಾತಾಡಲು ಹೋದಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಕೂತು ಓದುವಷ್ಟು ಉತ್ತರ ಬೇಕು. ಗಾಯಗೊಂಡ ಹಕ್ಕಿಯನ್ನೋ ಮರಿಯನ್ನೋ ಕೈಯಲ್ಲಿ ಹಿಡಿದುಕೊಂಡು ಇದನ್ನು ತೆರೆದಿದ್ದರೆ ನೇರವಾಗಿ "ಮರಿ ಬಿದ್ದಿದೆ" ಎಂಬ ಪ್ರಶ್ನೆಗೆ ಹೋಗಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ನಮ್ಮ ಬೀದಿಯಲ್ಲಿ ದಿನಾ ಗಿಳಿ ಕಾಣುತ್ತವೆ. ಅಳಿವಿನಂಚಿನಲ್ಲಿವೆ ಅಂದರೆ ನಂಬೋದು ಹೇಗೆ?

ನಿಮ್ಮ ಬೀದಿಯ ಗಿಳಿ ಅಳಿವಿನಂಚಿನಲ್ಲಿ ಇಲ್ಲ. ಗಂಡಿನ ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ಈ ಸಾಮಾನ್ಯ ಗಿಳಿಯನ್ನು, ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಜಗತ್ತಿನ ಮಟ್ಟದಲ್ಲಿ ಅಳೆಯುವ ಐಯುಸಿಎನ್ ಕೆಂಪು ಪಟ್ಟಿಯು ಸದ್ಯಕ್ಕೆ ಆತಂಕವಿಲ್ಲದ ಗುಂಪಿನಲ್ಲಿ ಇಟ್ಟಿದೆ. ಇಲ್ಲದ ಹೆದರಿಕೆ ಹುಟ್ಟಿಸಿ ಜನರನ್ನು ಸೇರಿಸಿದರೆ ಅವರು ಹೆಚ್ಚು ದಿನ ಉಳಿಯುವುದಿಲ್ಲ, ಹಾಗಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಭಾರತದಲ್ಲಿ ಹನ್ನೆರಡರಷ್ಟು ಜಾತಿಯ ಗಿಳಿಗಳಿವೆ. ಅವುಗಳ ಪೈಕಿ ಅಲೆಕ್ಸಾಂಡ್ರೈನ್ ಎಂದು ಕರೆಯುವ ದೊಡ್ಡ ಗಿಳಿ, ಕೆಂಪೆದೆಯ ಗಿಳಿ, ನಿಕೋಬಾರ್ ಗಿಳಿ ಅಪಾಯದ ಹೊಸ್ತಿಲಲ್ಲಿವೆ. ಅಂಡಮಾನ್ ಕಡೆಯ ಉದ್ದಬಾಲದ ಗಿಳಿ ಆ ಹೊಸ್ತಿಲನ್ನೂ ದಾಟಿದೆ. ಜಗತ್ತಿನ ಲೆಕ್ಕ ತೆಗೆದುಕೊಂಡರೆ ಸುಮಾರು 400 ಜಾತಿಯ ಗಿಳಿಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಪಾಯದಲ್ಲಿವೆ. ಇಷ್ಟೊಂದು ಪಾಲು ಅಪಾಯದಲ್ಲಿರುವ ಹಕ್ಕಿಗಳ ದೊಡ್ಡ ಗುಂಪುಗಳು ಬಹಳ ಕಡಿಮೆ.

ಹಾಗಾದರೆ ಸಾಮಾನ್ಯ ಗಿಳಿಯ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಮೂರು ಕಾರಣಕ್ಕೆ. ಕದ್ದ ಮರಿಗಳ ವ್ಯಾಪಾರಕ್ಕೆ ಜಾತಿಭೇದ ಇಲ್ಲ. ಸಾಮಾನ್ಯ ಗಿಳಿಗೆ ಗಿರಾಕಿ ಇರುವವರೆಗೆ ಅದೇ ಬುಟ್ಟಿಯಲ್ಲಿ ದೊಡ್ಡ ಗಿಳಿಯ ಮರಿಗಳೂ ಬರುತ್ತವೆ, ಅವಕ್ಕೆ ಬೆಲೆಯೂ ಜಾಸ್ತಿ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಟ್ಟಿರುವ ಟ್ರಾಫಿಕ್ ಸಂಸ್ಥೆ ನಮ್ಮ ದೇಶದ ಗಿಳಿ ಜಾತಿಗಳಲ್ಲಿ ಎಂಟು ಈ ಕಳ್ಳ ವ್ಯಾಪಾರದಲ್ಲಿ ಸಿಗುತ್ತವೆ ಎಂದು ಹೇಳಿದೆ.

ಎರಡನೆಯದು, ಇವತ್ತು ಹೇರಳವಾಗಿರುವುದು ನಾಳೆಯೂ ಇರುತ್ತದೆ ಎಂಬ ಭರವಸೆ ಇಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ಕ್ಯಾರೊಲೈನಾ ಗಿಳಿ ಹಿಂಡು ಹಿಂಡಾಗಿ ಹಾರಾಡುತ್ತಿತ್ತು. ತೋಟಕ್ಕೆ ಬಂದಾಗ ಗುಂಡು ಹಾರಿಸಿದರು. ಬಿದ್ದ ಗಿಳಿಯ ಸುತ್ತ ಉಳಿದವು ಮತ್ತೆ ಮತ್ತೆ ಬಂದು ಸುತ್ತುತ್ತಿದ್ದವು, ಹಾಗಾಗಿ ಇಡೀ ಹಿಂಡನ್ನೇ ಹೊಡೆಯುವುದು ಸುಲಭವಾಯಿತು. ಕಾಡೂ ಕಡಿದುಹೋಯಿತು. ಕೊನೆಯ ಗಿಳಿ 1918ರ ಫೆಬ್ರವರಿಯಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಮೂರನೆಯದೇ ನನಗೆ ಮುಖ್ಯ. ಅಪರೂಪದ ಗಿಳಿಗೆ ಏನು ಬೇಕೋ ಸಾಮಾನ್ಯ ಗಿಳಿಗೂ ಅದೇ ಬೇಕು: ಹಳೆಯ ಮರ, ಅದರಲ್ಲೊಂದು ಪೊಟರೆ, ಮರಿ ಕೀಳದ ಕೈ. ಬೆಂಗಳೂರಿನಲ್ಲಿ ಕೂತು ನಾವು ಕಲಿಯಬಹುದಾದದ್ದು, ಮಾಡಬಹುದಾದದ್ದು ಈ ಸಾಮಾನ್ಯ ಗಿಳಿಯ ಜೊತೆಗೇ.

ನಾನು ನೋಡಿದ್ದು ಯಾವ ಗಿಳಿ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

ನಗರದೊಳಗೆ ಕಂಡದ್ದಾದರೆ ಬಹುತೇಕ ಸಾಮಾನ್ಯ ಗಿಳಿಯೇ. ಮೊದಲು ಹೆಗಲು ನೋಡಿ. ರೆಕ್ಕೆ ಶುರುವಾಗುವ ಕಡೆ ಕಡುಗೆಂಪು ಮಚ್ಚೆ ಇದ್ದು, ಹಕ್ಕಿ ಗಾತ್ರದಲ್ಲಿ ದೊಡ್ಡದಿದ್ದು, ಕೊಕ್ಕು ದಪ್ಪವಾಗಿದ್ದರೆ ಅದು ಅಲೆಕ್ಸಾಂಡ್ರೈನ್. ಸಾಮಾನ್ಯ ಗಿಳಿ ಬಾಲವೂ ಸೇರಿ ನಲವತ್ತು ಸೆಂಟಿಮೀಟರ್ ಆಸುಪಾಸು, ಇದು ಐವತ್ತೈದು ದಾಟುತ್ತದೆ. ಬೆಂಗಳೂರಿನಲ್ಲಿ ಇಂಥದ್ದು ಕಂಡರೆ ಪಂಜರದಿಂದ ತಪ್ಪಿಸಿಕೊಂಡು ಬಂದದ್ದೂ ಇರಬಹುದು. ಫೋಟೋ ತೆಗೆದು, ದಿನ ಮತ್ತು ಜಾಗ ಬರೆದಿಟ್ಟುಕೊಳ್ಳಿ.

ಬನ್ನೇರುಘಟ್ಟದ ಕಡೆಗೋ ನಂದಿಬೆಟ್ಟಕ್ಕೋ ಹೋದಾಗ ಕೆನ್ನೇರಳೆ ತಲೆಯ ಗಿಳಿ ಸಿಗಬಹುದು. ಇದು ಚಿಕ್ಕದು, ಕೊಕ್ಕು ಹಳದಿ, ಬಾಲದ ತುದಿ ಬಿಳಿ. ಕೂಗು ಕರ್ಕಶವಲ್ಲ, ಮೆಲುವಾಗಿ ಮೇಲೇರುವ ಸದ್ದು. ಒಮ್ಮೆ ಕೇಳಿಸಿಕೊಂಡರೆ ಆಮೇಲೆ ತಲೆ ಎತ್ತದೆಯೇ ಗುರುತು ಹಿಡಿಯಬಹುದು. ರೆಕ್ಕೆಯಲ್ಲಿ ನೀಲಿ ಇರುವ ಮಲಬಾರ್ ಗಿಳಿ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವಂಥದ್ದು. ಕೊಡಗು, ಸಕಲೇಶಪುರ, ಕೆಮ್ಮಣ್ಣುಗುಂಡಿಗೆ ಹೋದವರು ನೋಡಿರುತ್ತೀರಿ. ಅದೇ ಕಾಡುಗಳಲ್ಲಿ ಗುಬ್ಬಚ್ಚಿಯಷ್ಟೇ ಇರುವ ಚಿಟ್ಟುಗಿಳಿಯೂ ಇದೆ. ಬಾಲ ಮೋಟು, ಬೆನ್ನಿನ ಕೆಳಗೆ ಕೆಂಪು, ಮಲಗುವುದು ತಲೆಕೆಳಗಾಗಿ ನೇತುಕೊಂಡು.

ಕೊರಳಲ್ಲಿ ಪಟ್ಟಿ ಇಲ್ಲದ್ದೆಲ್ಲ ಹೆಣ್ಣು ಅಂದುಕೊಳ್ಳಬೇಡಿ. ಗಂಡಿಗೆ ಆ ಪಟ್ಟಿ ಪೂರ್ತಿ ಮೂಡಲು ಎರಡು ಮೂರು ವರ್ಷ ಬೇಕು.

ಪೊಟರೆ ಪೊಟರೆ ಅಂತ ಅಷ್ಟೊಂದು ಹೇಳುತ್ತೀರಲ್ಲ, ಯಾಕೆ?

ಗಿಳಿ ಕಡ್ಡಿ ತರುವುದಿಲ್ಲ, ನಾರು ಹೆಣೆಯುವುದಿಲ್ಲ. ಮರದ ಪೊಟರೆಯೊಳಗೆ, ಪುಡಿಯಾದ ಮರದ ಹೊಟ್ಟಿನ ಮೇಲೆ ನಾಲ್ಕೈದು ಮೊಟ್ಟೆ ಇಡುತ್ತದೆ. ಹೆಣ್ಣು ಮೂರು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾವು ಕೊಡುತ್ತದೆ. ಮರಿಗಳು ಹೊರಬಂದು ಹಾರಲು ಇನ್ನೂ ಆರೇಳು ವಾರ ಬೇಕು. ಅಂದರೆ ಒಂದು ಸಂಸಾರಕ್ಕೆ ಎರಡು ಎರಡೂವರೆ ತಿಂಗಳು ಆ ಒಂದು ತೂತೇ ಮನೆ. ನಮ್ಮ ಕಡೆ ಡಿಸೆಂಬರ್ ಕೊನೆಯಿಂದ ಏಪ್ರಿಲ್, ಮೇವರೆಗೆ ಈ ಕೆಲಸ ನಡೆಯುತ್ತದೆ.

ಆ ತೂತು ಆಗುವುದು ನಿಧಾನಕ್ಕೆ. ಗಾಳಿಗೆ ಕೊಂಬೆ ಮುರಿದ ಜಾಗದಲ್ಲಿ ಮಳೆನೀರು ಇಳಿಯುತ್ತದೆ, ಅಣಬೆ ಹಿಡಿಯುತ್ತದೆ, ಒಳಗಿನ ತಿರುಳು ಮೆತ್ತಗಾಗುತ್ತದೆ. ಕುಟ್ರುಹಕ್ಕಿಯೋ ಮರಕುಟಿಗವೋ ಬಂದು ಕೊರೆದು ಒಂದು ಋತು ಸಂಸಾರ ಮಾಡಿ ಬಿಟ್ಟುಹೋಗುತ್ತದೆ. ಮುಂದೊಂದು ವರ್ಷ ಗಿಳಿ ಬಂದು ಬಾಯಿಯನ್ನು ತನ್ನ ಅಳತೆಗೆ ಅಗಲ ಮಾಡಿಕೊಳ್ಳುತ್ತದೆ. ಜನವರಿಯ ಬೆಳಿಗ್ಗೆ ಹಳೆಯ ಮಳೆಮರದ ಕೆಳಗೆ ನಿಂತು ನೋಡಿ. ಹೆಣ್ಣು ತೂತಿನ ಅಂಚಿಗೆ ಎರಡು ಬೆರಳು ಮುಂದೆ ಎರಡು ಬೆರಳು ಹಿಂದೆ ಮಾಡಿ ಕಚ್ಚಿಕೊಂಡು, ತಲೆ ಓರೆ ಮಾಡಿ ಒಳಗೆ ಇಣುಕುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಇಣುಕುತ್ತದೆ. ಆಮೇಲೆ ಅಂಚನ್ನು ಕಚ್ಚಿ ಕಚ್ಚಿ ಉದುರಿಸುತ್ತದೆ. ತೊಗಟೆಯ ಬೂದು ಬಣ್ಣದ ನಡುವೆ ತೂತಿನ ಸುತ್ತ ಹಸಿ ಮರದ ತಿಳಿಬಣ್ಣದ ಬಳೆಯೊಂದು ಮೂಡಿರುತ್ತದೆ, ಬುಡದಲ್ಲಿ ಸಣ್ಣ ಚಕ್ಕೆಗಳು ಬಿದ್ದಿರುತ್ತವೆ. ಆ ಚಕ್ಕೆ ಕಂಡರೆ ಮೇಲೆ ಗೂಡು ಇದೆ ಎಂದು ಲೆಕ್ಕ.

ಗಿಳಿಯೊಂದೇ ಅಲ್ಲ, ಹಾಲಕ್ಕಿ, ಮೈನಾ, ಅಳಿಲುಗಳೂ ಇದೇ ಪೊಟರೆಗಳಿಗೆ ಕಾದಿರುತ್ತವೆ. ನಗರದಲ್ಲಿ ಆಹಾರಕ್ಕೆ ಅಷ್ಟು ಕೊರತೆಯಿಲ್ಲ, ಕೊರತೆ ಇರುವುದು ಈ ತೂತುಗಳಿಗೆ. ರಸ್ತೆ ಅಗಲವಾದಾಗ ಹೋಗುವುದು ದಪ್ಪ ಮರಗಳೇ. ಬದಲಿಗೆ ಹತ್ತು ಸಸಿ ನೆಡುತ್ತೇವೆ ಎನ್ನುತ್ತಾರೆ. ಸಸಿ ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ಇವತ್ತು ನೆಟ್ಟ ಹೊಂಗೆಯಲ್ಲಿ ಗಿಳಿ ಹಿಡಿಸುವ ಪೊಟರೆ ಆಗುವ ಹೊತ್ತಿಗೆ ನಿಮ್ಮ ಮಗಳು ನಡುವಯಸ್ಸು ಮುಟ್ಟಿರುತ್ತಾಳೆ. ಅಲ್ಲಿಯವರೆಗೆ ಗಿಳಿಗಳು ಎಲ್ಲಿ ಇರಬೇಕು?

ಮರಿ ಕೀಳುವವರು ಮಾಡುವ ಕೇಡಿನಲ್ಲೂ ಇದೇ ದೊಡ್ಡದು. ಕೈ ಹೋಗದಿದ್ದರೆ ಪೊಟರೆಯ ಬಾಯಿಯನ್ನು ಮಚ್ಚಿನಿಂದ ಸೀಳುತ್ತಾರೆ. ಆ ವರ್ಷದ ಮರಿಗಳ ಜೊತೆಗೆ ಮುಂದಿನ ಎಷ್ಟೋ ವರ್ಷಗಳ ಮರಿಗಳೂ ಹೋದ ಹಾಗೆ.

ಒಣಗಿದ ಮರ ಮೇಲೆ ಬಿದ್ದರೆ ಯಾರು ಜವಾಬ್ದಾರಿ? ಕಡಿಸದೆ ಇರೋಕಾಗುತ್ತಾ?

ನ್ಯಾಯವಾದ ಪ್ರಶ್ನೆ. ಮಳೆಗಾಲದ ಮುಂಚೆ ಬೆಂಗಳೂರಿನಲ್ಲಿ ಮರ ಬಿದ್ದು ಜೀವ ಹೋಗಿರುವುದು ಇದೆ. ಅಪಾಯದ ಮರ ಉಳಿಸಿ ಎಂದು ನಾನು ಹೇಳುವುದಿಲ್ಲ. ಆದರೆ "ಒಣಗಿದೆ, ಬುಡಸಮೇತ ತೆಗೆಯಿರಿ" ಎನ್ನುವ ಮೊದಲು ಬೇರೆ ದಾರಿಗಳಿವೆ. ಭಾರದ ಕೊಂಬೆಗಳನ್ನು ತೆಗೆಸಿ, ಪೊಟರೆ ಇರುವ ಕಾಂಡವನ್ನು ಆಳೆತ್ತರಕ್ಕಿಂತ ಮೇಲೆ ಹಾಗೇ ಬಿಡಬಹುದು. ಪಾರ್ಕಿನ ಒಳಗೆ, ಜನ ಓಡಾಡದ ಮೂಲೆಯಲ್ಲಿ ಇದು ಸುಲಭ. ತುದಿ ಹೋದ ತೆಂಗಿನ ಮರವೂ ಎಷ್ಟೋ ಸಲ ಗಿಳಿಯ ಮನೆ.

ಕಡಿಯಲೇಬೇಕಾದರೆ ಜೂನ್‌ವರೆಗೆ ಕಾಯಲು ಸಾಧ್ಯವೇ ಎಂದು ಕೇಳಿ. ಕಾನೂನು ನಿಮ್ಮ ಬೆನ್ನಿಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡು ಕೆಡಿಸುವುದನ್ನೂ ಬೇಟೆ ಎಂದೇ ಪರಿಗಣಿಸುತ್ತದೆ. ಇದು ಗೊತ್ತಿರುವ ಗುತ್ತಿಗೆದಾರರು ಕಡಿಮೆ. ನೀವೇ ಹೋಗಿ ಮೃದುವಾಗಿ ಹೇಳಿದರೆ ಗರಗಸ ಕೆಳಗಿಡುವವರೂ ಇದ್ದಾರೆ.

ಇನ್ನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಮರ ನಿಮ್ಮ ಕಾಂಪೌಂಡಿನ ಒಳಗೇ ಇದ್ದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವವಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆಕ್ಷೇಪಣೆ ಬರೆಯುವಾಗ "ಮರ ಉಳಿಸಿ" ಎಂದಷ್ಟೇ ಬರೆಯಬೇಡಿ. ಯಾವ ಮರ, ಎಷ್ಟನೇ ಕಂಬದ ಪಕ್ಕ, ಪೊಟರೆ ಎಷ್ಟು ಎತ್ತರದಲ್ಲಿದೆ, ಯಾವ ಹಕ್ಕಿ, ಯಾವ ತಾರೀಖಿನಂದು ಕಂಡಿತು ಎಂದು ಬರೆಯಿರಿ. ಫೋಟೋ ಲಗತ್ತಿಸಿ. ಬಡಾವಣೆಯ ಪೊಟರೆ ಮರಗಳ ಪಟ್ಟಿ ಮೊದಲೇ ತಯಾರಿದ್ದರೆ ಪ್ರಕಟಣೆ ಬಂದಾಗ ಪರದಾಡಬೇಕಾಗಿಲ್ಲ. ನನ್ನ ಮಟ್ಟಿಗೆ, ಒಂದು ಬಡಾವಣೆ ಗಿಳಿಗಳಿಗೆ ಮಾಡಬಹುದಾದ ಎಲ್ಲಕ್ಕಿಂತ ದೊಡ್ಡ ಉಪಕಾರ ಆ ಪಟ್ಟಿ.

ಮರದ ಪೆಟ್ಟಿಗೆ ನೇತುಹಾಕಿದರೆ ಆಗಲ್ವಾ?

ಆಗುತ್ತದೆ, ಆದರೆ ಬೆಂಗಳೂರಿನಲ್ಲಿ ಅದಕ್ಕೆ ಮೊದಲು ಮೈನಾ ಬಂದು ಕೂರುವ ಸಾಧ್ಯತೆ ಹೆಚ್ಚು. ಪೆಟ್ಟಿಗೆ ಹಾಕಿ ಮರೆತರೆ ಜೇನು, ಇರುವೆ ಸೇರುತ್ತವೆ. ವರ್ಷಕ್ಕೊಮ್ಮೆ ಇಳಿಸಿ ಶುಚಿ ಮಾಡುವವರು ಇದ್ದರೆ ಮಾತ್ರ ಹಾಕಿ.

ಪೆಟ್ಟಿಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಬ್ರೆಜಿಲಿನ ಪಾಂಟನಾಲ್ ಎಂಬ ಜೌಗುನಾಡು ಸಾಕ್ಷಿ. ಅಲ್ಲಿ 1990ರಿಂದ ನೀವಾ ಗೆಡೆಸ್ ಎಂಬ ಜೀವವಿಜ್ಞಾನಿ ನೀಲಿ ಮಕಾವ್ ಎಂಬ ದೊಡ್ಡ ಗಿಳಿಗಳ ಹಿಂದೆ ಬಿದ್ದಿದ್ದಾರೆ. ಆ ಹಕ್ಕಿಯ ಗೂಡುಗಳು ಬಹುಪಾಲು ಒಂದೇ ಜಾತಿಯ ಮರದ ಪೊಟರೆಗಳಲ್ಲಿ ಇರುವುದನ್ನು ಅವರು ಕಂಡರು. ಮರ ಉಳಿಸುವ ಕೆಲಸದ ಜೊತೆಗೆ ಪೆಟ್ಟಿಗೆಗಳನ್ನೂ ಇಟ್ಟರು, ಜಾನುವಾರು ಸಾಕುವ ಜಮೀನುದಾರರನ್ನು ಒಪ್ಪಿಸಿ ಅವರ ಜಮೀನಿನಲ್ಲೇ ಇಟ್ಟರು. ಮಕಾವ್‌ಗಳು ಬಂದವು.

ಗಿಳಿ ಸಾಕಬಹುದಾ? ಎಲ್ಲರೂ ಸಾಕುತ್ತಾರಲ್ಲ?

ಸಾಕುವ ಹಾಗಿಲ್ಲ. ನಮ್ಮ ನಾಡಿನ ಯಾವ ಗಿಳಿಯನ್ನೂ ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಸಾಮಾನ್ಯ ಗಿಳಿ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಕಾನೂನು ಪಕ್ಕಕ್ಕಿಡಿ. ಮಾರಾಟಕ್ಕೆ ಬರುವ ಮರಿ ಕಣ್ಣು ಸರಿಯಾಗಿ ಬಿಡುವ ಮುಂಚೆ ಪೊಟರೆಯಿಂದ ಕಿತ್ತದ್ದು. ಬುಟ್ಟಿಯಲ್ಲಿ ಒಂದರ ಮೇಲೊಂದು ತುಂಬಿ ತರುವಾಗ ಎಷ್ಟೋ ಸಾಯುತ್ತವೆ. ಬದುಕಿದ್ದು ಸಂಗಾತಿಯ ಜೊತೆ, ಹಿಂಡಿನ ಜೊತೆ ಇರಬೇಕಾದ ಹಕ್ಕಿ. ನಿಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಒಂಟಿಯಾಗಿ ಕೂರುತ್ತದೆ. ಬರೀ ಸೂರ್ಯಕಾಂತಿ ಬೀಜ, ಮೆಣಸಿನಕಾಯಿ ತಿಂದು ಸುಣ್ಣದಂಶ ಕಡಿಮೆಯಾಗಿ ಮೂಳೆ ಬಾಗಿದ ಗಿಳಿಗಳನ್ನು ಪಂಜರದ ಸಲಾಕೆಯ ಹಿಂದೆ ನೋಡಿದವರಿಗೆ ಮತ್ತೆ ಆಸೆ ಹುಟ್ಟುವುದಿಲ್ಲ.

ಲವ್ ಬರ್ಡ್ಸ್, ಆಫ್ರಿಕನ್ ಗ್ರೇ ಇಟ್ಟುಕೊಂಡರೆ?

ಅವು ಹೊರದೇಶದ ಹಕ್ಕಿಗಳು, ಅವಕ್ಕೆ ನಿಯಮ ಬೇರೆ. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಯಾದರೆ 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಡ್ಜಿ, ಕಾಕಟೀಲ್‌ಗಳಂಥ ಕೆಲವು ಆ ಪಟ್ಟಿಯ ಹೊರಗಿವೆ. ಆಫ್ರಿಕನ್ ಗ್ರೇ ಮಾತ್ರ ಅತಿ ಬಿಗಿಯಾದ ಮೊದಲನೇ ಪಟ್ಟಿಯಲ್ಲಿದೆ. ಸಾಕುವ ಹುಚ್ಚಿನಿಂದಲೇ ಅದು ತನ್ನ ಕಾಡುಗಳಲ್ಲಿ ಬರಿದಾಗುತ್ತಾ ಬಂದಿದೆ. ನನ್ನನ್ನು ಕೇಳಿದರೆ ಬೇಡ.

ಅಜ್ಜಿ ಮನೆಯಲ್ಲಿ ವರ್ಷಗಳಿಂದ ಇರುವ ಗಿಳಿಯನ್ನು ಬಿಟ್ಟುಬಿಡಲಾ?

ಪಂಜರದ ಬಾಗಿಲು ತೆಗೆದು ಹಾರಿಸಬೇಡಿ. ಪುಣ್ಯ ಬರುತ್ತದೆ ಎಂದು ಮಾಡುವವರಿದ್ದಾರೆ. ರೆಕ್ಕೆಗೆ ಬಲವಿಲ್ಲದ, ಆಹಾರ ಹುಡುಕಲು ಬಾರದ, ಬೆಕ್ಕು ಕಂಡರೆ ಹೆದರಬೇಕು ಎಂದು ಗೊತ್ತಿಲ್ಲದ ಗಿಳಿ ಎರಡು ದಿನ ಉಳಿಯುವುದು ಕಷ್ಟ. ಅದಕ್ಕೆ ರೋಗವಿದ್ದರೆ ಕಾಡಿನ ಹಿಂಡಿಗೂ ಅಂಟುತ್ತದೆ. ಕೊಕ್ಕು ಮತ್ತು ಗರಿಗಳನ್ನು ಹಾಳುಮಾಡುವ ಒಂದು ವೈರಸ್ ಗಿಳಿಗಳಲ್ಲಿ ಹೀಗೆಯೇ ಹರಡುತ್ತದೆ.

ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿ. ಅಲ್ಲಿ ಪರೀಕ್ಷೆ ಮಾಡಿ, ಬೇರೆ ಗಿಳಿಗಳ ಜೊತೆ ದೊಡ್ಡ ಬಲೆಮನೆಯಲ್ಲಿ ಹಾರಾಟ ಕಲಿಸಿ, ಆಗುತ್ತದೆ ಅನಿಸಿದರೆ ಮಾತ್ರ ಬಿಡುತ್ತಾರೆ. ಅಜ್ಜಿಗೆ ಸಂಕಟವಾಗುತ್ತದೆ, ಆಗಬೇಕಾದ್ದೇ. ಅವರನ್ನು ಗದರಬೇಡಿ. ಅವರ ಕಾಲದಲ್ಲಿ ಗಿಳಿ ಸಾಕುವುದನ್ನು ಯಾರೂ ತಪ್ಪು ಎಂದಿರಲಿಲ್ಲ.

ಮರಿ ಬಿದ್ದಿದೆ. ಏನು ಮಾಡಲಿ? ಮಾಂಜಾ ದಾರಕ್ಕೆ ಸಿಕ್ಕ ಗಿಳಿ ಕಂಡರೆ?

ಮರಿಯನ್ನು ತೆಳುವಾದ ಬಟ್ಟೆಯಲ್ಲಿ ಹಿಡಿದು, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಇಡಿ. ಕತ್ತಲು, ಬಿಸುಪು, ನಿಶ್ಶಬ್ದ ಬೇಕು. ಹಾಲು, ಬ್ರೆಡ್ಡು ಬೇಡ. ಬಾಯಿಗೆ ನೀರು ಬಿಡಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಪೊಟರೆ ಕೈಗೆಟಕುವಂತಿದ್ದು ಮರಿಗೆ ಗಾಯವಿಲ್ಲದಿದ್ದರೆ ವಾಪಸ್ ಇಡಬಹುದು. ಮನುಷ್ಯ ಮುಟ್ಟಿದ ವಾಸನೆಗೆ ತಾಯಿ ಬಿಟ್ಟುಹೋಗುತ್ತದೆ ಎನ್ನುವುದು ಸುಳ್ಳು. ಗಾಯವಿದ್ದರೆ 1926ಕ್ಕೆ ಕರೆ ಮಾಡಿ. ಕೆಂಗೇರಿ ಕಡೆಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಗೂ ಒಯ್ಯಬಹುದು.

ಆಷಾಢದ ಗಾಳಿಗೆ ಗಾಳಿಪಟದ ದಾರ ಮರಮರಕ್ಕೂ ಸುತ್ತಿಕೊಂಡಿರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದರೂ ಸಿಗುತ್ತಲೇ ಇದೆ. ರೆಕ್ಕೆಗೆ ಸುತ್ತಿದ ದಾರವನ್ನು ಎಳೆಯಬೇಡಿ, ಎಳೆದಷ್ಟೂ ಸ್ನಾಯು ಕೊಯ್ಯುತ್ತದೆ. ಹಕ್ಕಿಯಿಂದ ಒಂದು ಗೇಣು ದೂರದಲ್ಲಿ ಕತ್ತರಿಸಿ, ಉಳಿದ ದಾರದ ಸಮೇತ ಡಬ್ಬದಲ್ಲಿಟ್ಟು ಒಯ್ಯಿರಿ. ಮರ ಎತ್ತರವಿದ್ದರೆ ನೀವು ಹತ್ತಬೇಡಿ, ಅಗ್ನಿಶಾಮಕ ದಳದವರನ್ನು ಕೇಳಿ. ಅವರು ಬರುತ್ತಾರೆ.

ಗಿಳಿಶಾಸ್ತ್ರದವರ ಗಿಳಿ ಕಂಡರೆ ದೂರು ಕೊಡಬೇಕಾ?

ಆ ಗಿಳಿಯೂ ಪೊಟರೆಯಿಂದ ಬಂದದ್ದೇ, ಅದರ ರೆಕ್ಕೆ ಕತ್ತರಿಸಿರುತ್ತಾರೆ, ಅದನ್ನು ಇಟ್ಟುಕೊಳ್ಳುವುದು ಅಪರಾಧವೇ. ಆದರೆ ಫುಟ್‌ಪಾತಿನಲ್ಲಿ ಕೂತ ಬಡವನ ಒಂದು ಗಿಳಿ ಹಿಡಿದು, ನೂರಾರು ಮರಿ ತರಿಸುವ ದಲ್ಲಾಳಿಯನ್ನು ಬಿಟ್ಟರೆ ಏನೂ ಬದಲಾಗುವುದಿಲ್ಲ. ದೂರು ಕೊಡುವುದಾದರೆ ಆನ್‌ಲೈನ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ "ಮಾತಾಡುವ ಗಿಳಿ ಮರಿ" ಎಂದು ಮಾರುವವರ ಮೇಲೆ ಮೊದಲು ಕೊಡಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. "ಪಾಪ, ಕಾಪಾಡೋಣ" ಎಂದು ದುಡ್ಡು ಕೊಟ್ಟು ಬಿಡಿಸಿಕೊಂಡು ಬರಬೇಡಿ. ನಾಳೆ ಇನ್ನೆರಡು ಮರಿ ಬರುತ್ತವೆ.

ಟೆರೇಸಿನಲ್ಲಿ ಕಾಳು ಹಾಕಬಹುದಾ?

ಬೇಸಿಗೆಯಲ್ಲಿ ನೀರಿಡಿ, ದಿನಾ ತೊಳೆದು ಇಡಿ. ಕಾಳು ಅಗತ್ಯವಿಲ್ಲ. ಸಾಲುಗಟ್ಟಿ ಅಕ್ಕಿ ಸುರಿದರೆ ಪಾರಿವಾಳ ಹೆಚ್ಚುತ್ತವೆ, ಒಂದೇ ಕಡೆ ಸೇರಿದ ಹಕ್ಕಿಗಳಲ್ಲಿ ರೋಗ ಬೇಗ ಹರಡುತ್ತದೆ. ಒಂದು ಸೀಬೆ ಗಿಡ, ಒಂದು ಸಿಂಗಾಪುರ ಚೆರ್ರಿ ನೆಟ್ಟರೆ ಗಿಳಿಗೂ ಸಂತೋಷ, ಮಕ್ಕಳಿಗೂ.

ಸಂಶೋಧನೆ ವಿಜ್ಞಾನಿಗಳ ಕೆಲಸ. ಅದರಲ್ಲಿ ನಮ್ಮಂಥವರು ಮಾಡೋದೇನಿದೆ?

ವಿಜ್ಞಾನಿಗಳು ಎಲ್ಲ ಬೀದಿಗಳಲ್ಲೂ ನಿಲ್ಲಲಾರರು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ 942 ಜಾತಿಗಳನ್ನು ಅಳೆದು ನೋಡಿತು. ಅದಕ್ಕೆ ಆಧಾರವಾದದ್ದು ಮೂವತ್ತು ಸಾವಿರದಷ್ಟು ಸಾಮಾನ್ಯ ಹಕ್ಕಿವೀಕ್ಷಕರು ಹಕ್ಕಿ ಕಂಡದ್ದನ್ನು ಬರೆದಿಡುವ ಇ-ಬರ್ಡ್ ಎಂಬ ಜಾಲತಾಣದಲ್ಲಿ ಹಾಕಿದ ದಾಖಲೆಗಳು. ಬ್ಯಾಂಕ್ ಗುಮಾಸ್ತರು, ಮೇಷ್ಟ್ರುಗಳು, ಹೈಸ್ಕೂಲು ಮಕ್ಕಳು ಬರೆದಿಟ್ಟದ್ದು.

ಶುರು ಮಾಡಲು ಹೀಗೆ ಮಾಡಿ. ಫೋನಿನಲ್ಲಿ ಇ-ಬರ್ಡ್ ಹಾಕಿಕೊಂಡು, ಒಂದೇ ಜಾಗದಲ್ಲಿ ಹದಿನೈದು ನಿಮಿಷ ನಿಂತು, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ ಎಣಿಸಿ ಬರೆಯಿರಿ. ಗಿಳಿ ಮಾತ್ರ ಬರೆಯಬೇಡಿ. ಕಾಗೆ, ಪಾರಿವಾಳ ಬಿಟ್ಟರೆ ಪಟ್ಟಿ ಅಪೂರ್ಣವಾಗುತ್ತದೆ. ಗಿಳಿ ಕಾಣದ ದಿನದ ಪಟ್ಟಿಗೂ ಅಷ್ಟೇ ಬೆಲೆ, ಯಾಕೆಂದರೆ ಕಡಿಮೆಯಾಗಿದೆ ಎಂದು ಗೊತ್ತಾಗುವುದೇ ಅದರಿಂದ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಗಣತಿ ಹೊಸಬರಿಗೆ ಒಳ್ಳೆಯ ಸಮಯ.

ಇನ್ನೊಂದು ಕೆಲಸ ಗಿಳಿಗಳಿಗೇ ಮೀಸಲು, ಸಂಜೆಯ ತಂಗುಮರದ ಎಣಿಕೆ. ಗಿಳಿಗಳು ರಾತ್ರಿ ಒಟ್ಟಿಗೆ ತಂಗುತ್ತವೆ. ಮರ ಗುರುತಾದ ಮೇಲೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಮುಖ ಮಾಡಿ, ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ನಿಂತುಕೊಳ್ಳಿ. ತಮ್ಮ ದಿಕ್ಕಿನಿಂದ ಬಂದದ್ದನ್ನು ಮಾತ್ರ ಎಣಿಸಬೇಕು, ಇಲ್ಲದಿದ್ದರೆ ಒಂದೇ ಹಿಂಡು ಎರಡು ಪುಸ್ತಕದಲ್ಲಿ ಬರುತ್ತದೆ. ಮೊದಲು ಎರಡು, ಮೂರು, ಐದು ಹೀಗೆ ಬರುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಒಂದು ಕಡೆಯಿಂದ ನಲವತ್ತು ಐವತ್ತು ಕಿರುಚುತ್ತಾ ನುಗ್ಗುತ್ತವೆ, ಆಗ ಹತ್ತತ್ತರ ಗುಂಪಾಗಿ ಕಣ್ಣಳತೆ ಮಾಡಬೇಕು. ಹತ್ತು ನಿಮಿಷಕ್ಕೊಮ್ಮೆ ಗೆರೆ ಎಳೆದು ಸಮಯ ಬರೆಯಿರಿ. ಕೂತ ಮೇಲೆ ಮರ ಬಿಟ್ಟು ಎದ್ದು ಹೋದವನ್ನು ಕಳೆಯಿರಿ. ತಿಂಗಳಿಗೊಮ್ಮೆ, ಒಂದೇ ಮರ, ಒಂದೇ ವಿಧಾನ. ಕೆಲವು ವರ್ಷದ ಲೆಕ್ಕ ಕೈಗೆ ಬಂದರೆ ಯಾವ ಸಂಸ್ಥೆಯ ಸಂಶೋಧಕರೂ ಅದನ್ನು ಆಸೆಯಿಂದ ನೋಡುತ್ತಾರೆ.

ಎಣಿಸಿದ ಮಾತ್ರಕ್ಕೆ ಹಕ್ಕಿ ಉಳಿಯುತ್ತಾ?

ಉಳಿದದ್ದಿದೆ. ಮಾರಿಷಸ್ ದ್ವೀಪದ ಎಕೋ ಗಿಳಿ ನಮ್ಮ ಸಾಮಾನ್ಯ ಗಿಳಿಯ ಹತ್ತಿರದ ಬಂಧು, ನೋಡಲೂ ಹಾಗೇ. 1980ರ ದಶಕದಲ್ಲಿ ಅವು ಹತ್ತಿಪ್ಪತ್ತು ಕೂಡ ಉಳಿದಿರಲಿಲ್ಲ. ಪ್ರತಿ ಗೂಡನ್ನೂ ಹೆಸರಿಟ್ಟಂತೆ ಗುರುತಿಸಿ ಹಿಂಬಾಲಿಸಿದಾಗ ಮರಿಗಳು ಎಲ್ಲಿ, ಯಾಕೆ ಸಾಯುತ್ತಿವೆ ಎಂಬುದು ಬಯಲಾಯಿತು. ಪೊಟರೆ ಸಾಲದ ಕಡೆ ಪೆಟ್ಟಿಗೆ ಇಟ್ಟರು, ಸೊರಗಿದ ಮರಿಗಳನ್ನು ತಂದು ಸಾಕಿ ವಾಪಸ್ ಬಿಟ್ಟರು. ಈಗ ಅವು ನೂರುಗಳ ಲೆಕ್ಕದಲ್ಲಿವೆ. ಮೇಲೆ ಹೇಳಿದ ಗರಿ ರೋಗ ಅಲ್ಲಿಗೂ ಬಂತು, ಆದರೆ ಹಕ್ಕಿಗಳನ್ನು ನೋಡುತ್ತಲೇ ಇದ್ದವರಿದ್ದರಿಂದ ಬೇಗ ಗೊತ್ತಾಯಿತು.

ಊರಿನ ಜನ ಸೇರಿ ಉಳಿಸಿದ ಉದಾಹರಣೆ ಇದೆಯಾ, ಅಥವಾ ಎಲ್ಲ ದೊಡ್ಡ ಸಂಸ್ಥೆಗಳ ಕೆಲಸವಾ?

ಜನ ಸೇರದೆ ಗಿಳಿ ಉಳಿದ ಜಾಗಗಳೇ ಕಡಿಮೆ. ನನಗೆ ತುಂಬಾ ಹಿಡಿಸಿದ್ದು ಕೊಲಂಬಿಯಾದ್ದು. ಅಲ್ಲಿನ ಹಳದಿಕಿವಿಯ ಗಿಳಿ ಮುಗಿದೇಹೋಯಿತು ಎಂದುಕೊಂಡಿದ್ದಾಗ 1999ರಲ್ಲಿ 81 ಹಕ್ಕಿಗಳ ಒಂದು ಗುಂಪು ಸಿಕ್ಕಿತು. ಅದು ಗೂಡು ಮಾಡುವುದು ಮೇಣದ ತಾಳೆಮರದಲ್ಲಿ. ಅದೇ ಮರದ ಎಳೆಯ ಗರಿಗಳನ್ನು ಗರಿಗಳ ಭಾನುವಾರ ಎಂಬ ಕ್ರೈಸ್ತ ಹಬ್ಬದ ಮೆರವಣಿಗೆಗೆ ಜನ ಕಡಿದು ತರುತ್ತಿದ್ದರು. ಹಬ್ಬ ಬೇಡ ಎಂದರೆ ಯಾರು ಕೇಳುತ್ತಾರೆ? ಸಂರಕ್ಷಣೆಯವರು ಚರ್ಚಿನ ಪಾದ್ರಿಗಳ ಜೊತೆ ಕೂತು ಮಾತಾಡಿದರು. ಬೇರೆ ಗಿಡದ ಎಲೆ ಹಿಡಿದು ಬನ್ನಿ ಎಂದು ಪಾದ್ರಿಗಳೇ ಹೇಳಿದರು. ಹಬ್ಬವೂ ನಡೆಯಿತು, ಮರವೂ ಉಳಿಯಿತು, ಗಿಳಿಗಳು ಸಾವಿರ ದಾಟಿದವು. ಗೌರಿ ಗಣೇಶ ಹಬ್ಬಕ್ಕೆ ಮಣ್ಣಿನ ಗಣಪತಿ ತರೋಣ ಎಂದು ಬೀದಿಬೀದಿಯಲ್ಲಿ ಮಾತಾಡಿಕೊಂಡ ಬೆಂಗಳೂರಿಗೆ ಈ ದಾರಿ ಹೊಸದಲ್ಲ.

ಫಿಲಿಪ್ಪೀನ್ಸಿನ ಪಲಾವಾನ್ ಬಳಿಯ ರಾಸಾ ಎಂಬ ಪುಟ್ಟ ದ್ವೀಪದಲ್ಲಿ ಕಟಾಲಾ ಫೌಂಡೇಶನ್‌ನವರು ಕಾಕಟೂ ಎಂಬ ಜಾತಿಯ ಗಿಳಿಯ ಮರಿ ಕೀಳುತ್ತಿದ್ದವರನ್ನೇ ಕಾವಲುಗಾರರಾಗಿ ಸಂಬಳಕ್ಕೆ ಇಟ್ಟುಕೊಂಡರು. ಯಾವ ಮರದಲ್ಲಿ ಗೂಡು, ಯಾವ ವಾರ ಮರಿ ದೊಡ್ಡದಾಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತು ಚಿಲ್ಲರೆ ಇದ್ದ ಹಕ್ಕಿಗಳು ನೂರು ದಾಟಿದವು. ನಮ್ಮಲ್ಲಿ ಹಕ್ಕಿ ಹಿಡಿಯುವುದನ್ನೇ ಕುಲಕಸುಬು ಮಾಡಿಕೊಂಡಿದ್ದ ಸಮುದಾಯಗಳ ಜ್ಞಾನವನ್ನು ನಾವು ಹೀಗೆ ಗೌರವದಿಂದ ಕೇಳಿದ್ದು ತೀರಾ ಕಡಿಮೆ.

ನಮ್ಮದು ದೊಡ್ಡಬಳ್ಳಾಪುರದ ಕಡೆ ತೋಟ. ಗಿಳಿ ಬಂದು ಸೀಬೆ, ದ್ರಾಕ್ಷಿ ಹಾಳು ಮಾಡುತ್ತವೆ. ನಮಗೇನು ಹೇಳುತ್ತೀರಿ?

ನಿಮ್ಮ ನಷ್ಟ ನಿಜ. ಗಿಳಿ ಒಂದು ಹಣ್ಣನ್ನು ಪೂರ್ತಿ ತಿನ್ನುವುದಿಲ್ಲ, ಹತ್ತು ಹಣ್ಣಿಗೆ ಬಾಯಿ ಹಾಕುತ್ತದೆ. ನಗರದವರು "ಪಾಪ ಹಕ್ಕಿ" ಎಂದು ಹೇಳಿ ಹೋಗುವುದು ಸರಿಯಲ್ಲ.

ಬಲೆ ಹಾಕುವುದಾದರೆ ಬಿಗಿಯಾಗಿ ಎಳೆದು ಕಟ್ಟಿ. ಜೋಲು ಬಿದ್ದ ಬಲೆಯಲ್ಲಿ ಗಿಳಿಯ ಜೊತೆ ಗೂಬೆ, ಹಾವುಗಳೂ ಸಿಕ್ಕಿ ಸಾಯುತ್ತವೆ. ಸೀಬೆಗೆ ಕಾಯಿ ಇರುವಾಗಲೇ ಚೀಲ ಕಟ್ಟಿದರೆ ಹಣ್ಣಿನ ಊಜಿ ನೊಣದ ಕಾಟವೂ ತಪ್ಪುತ್ತದೆ. ಮಿಂಚುವ ಪಟ್ಟಿಗಳು ಕೆಲವು ದಿನ ಕೆಲಸ ಮಾಡುತ್ತವೆ, ಗಿಳಿಗಳು ಬೇಗ ಅರ್ಥ ಮಾಡಿಕೊಳ್ಳುತ್ತವೆ; ಜಾಗ ಬದಲಿಸುತ್ತಿರಬೇಕು. ವಿಷ, ಅಂಟು ಮಾತ್ರ ಬೇಡವೇ ಬೇಡ.

ಬ್ರೆಜಿಲಿನ ಒಣನಾಡಿನಲ್ಲಿ ಲಿಯರ್ಸ್ ಮಕಾವ್ ಎಂಬ ಅಪರೂಪದ ಗಿಳಿ ತಾಳೆಕಾಯಿ ಸಿಗದಾಗ ರೈತರ ಜೋಳಕ್ಕೆ ನುಗ್ಗುತ್ತಿತ್ತು, ರೈತರು ಗುಂಡು ಹೊಡೆಯುತ್ತಿದ್ದರು. ಕೊನೆಗೆ ನಷ್ಟವಾದಷ್ಟು ಜೋಳವನ್ನು ಮೂಟೆಯಲ್ಲಿ ತಂದುಕೊಡುವ ವ್ಯವಸ್ಥೆ ಮಾಡಿದರು. ದುಡ್ಡಿನ ಬದಲು ಜೋಳಕ್ಕೆ ಜೋಳ. ಆ ಮಕಾವ್‌ಗಳು ಈಗ ಸಾವಿರಕ್ಕೂ ಹೆಚ್ಚಿವೆ. ಹಕ್ಕಿ ಉಳಿಯಬೇಕು ಎಂದು ಬಯಸುವವರು ಅದರ ಖರ್ಚಿನಲ್ಲಿ ಪಾಲು ಹೊರಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಅಪಾರ್ಟ್‌ಮೆಂಟ್‌ಗಳು ಗಿಳಿ ಕುಕ್ಕಿದ ಸೀಬೆಯನ್ನೂ ಸೇರಿಸಿ ನಿಮ್ಮಿಂದ ನೇರ ಕೊಳ್ಳುವುದು ಒಂದು ಆರಂಭ.

ಗೂಡಿನ ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಬಹುದಾ?

ಮರಿಗಳು ಹಾರಿಹೋಗುವವರೆಗೆ ಬೇಡ. ಆಮೇಲೂ ಜಾಗದ ಹೆಸರು, ಗುರುತು ಸಿಗುವ ಅಂಗಡಿ ಬೋರ್ಡು ಬೇಡ. ಮರಿ ಹುಡುಕುವವರೂ ಫೋನ್ ನೋಡುತ್ತಾರೆ.

ಮಕ್ಕಳಿಗೆ ತೋರಿಸಬೇಕು. ಎಲ್ಲಿಗೆ, ಯಾವಾಗ ಹೋಗಲಿ?

ಲಾಲ್‌ಬಾಗ್‌ನಿಂದ ಶುರು ಮಾಡಿ. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್‌ನವರು ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಅಲ್ಲಿ ನಡೆಯುವ ವಾಡಿಕೆ ಬಹಳ ಹಳೆಯದು. ಹೊಸಬರನ್ನೂ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಕಬ್ಬನ್ ಪಾರ್ಕ್, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವೂ ಒಳ್ಳೆಯ ಜಾಗಗಳು. ಬೆಳಿಗ್ಗೆ ಏಳರ ಒಳಗೆ ತಲುಪಿ, ಬೈನಾಕ್ಯುಲರ್ ಇಲ್ಲದಿದ್ದರೂ ಪರವಾಗಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಹೋದರೆ ಹಳೆಯ ಮರಗಳ ಬುಡದಲ್ಲಿ ಚಕ್ಕೆ ಬಿದ್ದಿದೆಯೇ ನೋಡಲು ಮಕ್ಕಳಿಗೆ ಹೇಳಿ, ಮರದಿಂದ ಇಪ್ಪತ್ತು ಹೆಜ್ಜೆ ದೂರ ನಿಂತು ಮಾತಾಡದೆ ಕಾಯಿರಿ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ನೀರು ಇರಲಿ.